ನಕ್ಷತ್ರಿಕನ ಪಾತ್ರ ಮತ್ತು ನರಸಿಂಹರಾಜು

ಪ್ರಶ್ನೆ: ನಮ್ಮೂರಿನ ಹವ್ಯಾಸಿ ತಂಡ ಹರಿಶ್ಚಂದ್ರ ನಾಟಕವನ್ನು ಆಡಲಿದ್ದು, ನಕ್ಷತ್ರಿಕನ ಪಾತ್ರ ನನ್ನ ಪಾಲಿಗೆ ಬಂದಿದೆ. ತೆರೆಯ ಮೇಲೆ ಅದನ್ನು ಮಾಡಿದ ನರಸಿಂಹರಾಜು ಅವರ ಬಗ್ಗೆ ತಿಳಿಸುವಿರಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ನರಸಿಂಹರಾಜು ಅವರು ಎಳವೆಯಲ್ಲೇ ಬಣ್ಣ ಹಚ್ಚಿ, ಗುಬ್ಬಿ ವೀರಣ್ಣನವರ ಕಂಪನಿಯೂ ಸೇರಿದಂತೆ ವೃತ್ತಿ ನಾಟಕ ಮಂಡಳಿಗಳಲ್ಲಿ ಪಳಗಿದವರು. ರಾಜ್‌ಕುಮಾರ್ ಅವರು ನಾಯಕರಾದ 1954ರ ‘ಬೇಡರ ಕಣ್ಣಪ್ಪ’ದಿಂದಲೇ ಇವರ ಸಿನಿಮಾ ಬದುಕೂ ಆರಂಭವಾಯಿತು. 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ವನ್ನು ನಿರ್ಮಿಸಿ ತಾವೇ ನಾಯಕರಾದರು, 1979ರಲ್ಲಿ ತೀರಿಕೊಂಡರು.

ನೀವು ಮತ್ತೆ ಮತ್ತೆ ನೋಡಬೇಕಾದದ್ದು 1965ರ ‘ಸತ್ಯ ಹರಿಶ್ಚಂದ್ರ’ವನ್ನು. ವಿಶ್ವಾಮಿತ್ರರಿಗೆ ಸಲ್ಲಬೇಕಾದ ಹಣಕ್ಕಾಗಿ ರಾಜನ ಬೆನ್ನು ಬಿಡದ ಈ ಶಿಷ್ಯನನ್ನು ಬರೀ ದುಷ್ಟನನ್ನಾಗಿ ಮಾಡಿದರೆ ದೃಶ್ಯ ಒರಟಾಗುತ್ತದೆ, ಬರೀ ವಿದೂಷಕನನ್ನಾಗಿ ಮಾಡಿದರೆ ಹರಿಶ್ಚಂದ್ರನ ಸಂಕಟವೇ ಹಗುರಾಗುತ್ತದೆ. ತಮ್ಮ ಸಣಕಲು ಮೈ, ಉಬ್ಬುಹಲ್ಲು, ಚುರುಕು ಮಾತುಗಳನ್ನೆಲ್ಲ ದುಡಿಸಿಕೊಂಡೂ ನರಸಿಂಹರಾಜು ಎದುರಿನ ನಟನ ದುಃಖಕ್ಕೆ ಜಾಗ ಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಕಂಪನಿ ನಾಟಕ ಕಲಿಸಿದ ಶಿಸ್ತು. ತಾಲೀಮಿನಲ್ಲಿ ಹಣ ಕೇಳುವ ಮಾತುಗಳನ್ನು ಒಂದೇ ಏರುಧ್ವನಿಯಲ್ಲಿ ಒಪ್ಪಿಸದೆ, ರಾಜನ ಉತ್ತರವನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಮುಂದಿನ ಮಾತನ್ನು ಎತ್ತಿಕೊಳ್ಳಿ.