ನಮ್ಮವರ ಹತ್ತಿರವೋ, ಇಲ್ಲಿಯವರ ಹತ್ತಿರವೋ

"ಅಕ್ಕಾ, ಇಂಗ್ಲೆಂಡಿನ ಸ್ಲೌಗೆ ಬಂದು ಐದು ತಿಂಗಳಾಯಿತು. ಇವರು ಆಫೀಸಿಗೆ ಹೋದ ಮೇಲೆ ಸುಮ್ನೆ ಅಳು ಬರುತ್ತದೆ. ಕೌನ್ಸೆಲಿಂಗ್‌ಗೆ ಹೋಗಲಾ? ಹೋದರೆ ನಮ್ಮವರ ಹತ್ತಿರವೋ, ಇಲ್ಲಿಯವರ ಹತ್ತಿರವೋ?" ಎಂದು ಕೇಳಿದ್ದೀಯ. ಓದಿ ಎರಡು ದಿನ ಉತ್ತರ ಬರೆಯಲಾಗಲಿಲ್ಲ ಕಣೇ.

ನಾನು ತಿಪಟೂರಿನಿಂದ ಬಂದಿದ್ದು 2003ರ ನವೆಂಬರ್‌ನಲ್ಲಿ. ನಾಲ್ಕೂಕಾಲಿಗೇ ಕತ್ತಲು. ದೇವರಿಗೆ ದೀಪ ಹಚ್ಚಿಬಿಡುತ್ತಿದ್ದೆ. ಆಮೇಲೆ ಅಷ್ಟು ದೊಡ್ಡ ಸಂಜೆಯನ್ನು ಏನು ಮಾಡುವುದು ಅಂತ ತಿಳಿಯುತ್ತಿರಲಿಲ್ಲ.

ಸಣ್ಣ ಪ್ರಶ್ನೆಗಳು ಮೊದಲು. ದುಡ್ಡಿನ ಚಿಂತೆ ಬೇಡ. ವೀಸಾ ಜೊತೆ ತಲೆಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೀರಲ್ಲ, ಅದರಲ್ಲೇ ಬಂತು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಕೌನ್ಸೆಲಿಂಗ್ ವಿಭಾಗ ಟಾಕಿಂಗ್ ಥೆರಪೀಸ್‌ಗೆ ನೀನೇ ಹೆಸರು ಕೊಡಬಹುದು, ಜಿಪಿ, ಅಂದರೆ ನಿಮ್ಮ ಏರಿಯಾದ ಡಾಕ್ಟರ್ ಹತ್ತಿರ ರಿಜಿಸ್ಟರ್ ಆಗಿದ್ದರೆ ಸಾಕು. ಕಾಯಿಸುತ್ತಾರೆ. ಇಂಟರ್‌ಪ್ರಿಟರ್ ಬೇಕೆಂದು ಕೇಳಬಹುದು. ಗಂಡನನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಳ್ಳಬೇಡ, ಯಾಕೆ ಅಂತ ನಿನಗೆ ಹೇಳಬೇಕಿಲ್ಲ. ರಾತ್ರಿ ತೀರಾ ಕಷ್ಟವಾದರೆ ಸಮಾರಿಟನ್ಸ್ ಸಹಾಯವಾಣಿಗೆ ಫೋನ್ ಮಾಡು, 116 123. ಅದೂ ಫ್ರೀ.

ಇನ್ನು ನಮ್ಮವರೋ, ಇಲ್ಲಿಯವರೋ. 2006ರಲ್ಲಿ ಅಪ್ಪ ಹೋದರು. ನಾನು ಊರು ಮುಟ್ಟುವಷ್ಟರಲ್ಲಿ ಹಾಲು-ತುಪ್ಪವೂ ಮುಗಿದಿತ್ತು. ವಾಪಸ್ ಬಂದು ಜಿಪಿಗೆ "ಎದೆ ಭಾರ" ಎಂದು ಇಂಗ್ಲಿಷ್‌ನಲ್ಲಿ ಹೇಳಿದೆ. ಇಸಿಜಿ ಮಾಡಿಸಿದರು. ನಾರ್ಮಲ್. ಆಮೇಲೆ ಸಿಕ್ಕ ಕೌನ್ಸೆಲರ್ ಒಳ್ಳೆಯ ಹೆಂಗಸು. "ನೀವು ಬರುವವರೆಗೆ ಸಂಸ್ಕಾರ ಮುಂದಕ್ಕೆ ಹಾಕಿ ಅಂತ ಮನೆಯವರಿಗೆ ಹೇಳಬಹುದಿತ್ತಲ್ಲ?" ಎಂದು ಕೇಳಿದರು. ಇಲ್ಲಿ ಎರಡು ಮೂರು ವಾರ ಇಟ್ಟುಕೊಳ್ಳುತ್ತಾರೆ, ಅವರ ತಪ್ಪಲ್ಲ. ನನಗೆ ಮಾತ್ರ ಬಾಯಿ ಕಟ್ಟಿತು. ಬೇರೆ ಬೇರೆ ಸಂಸ್ಕೃತಿಯವರಿಗೆ ಹಲವು ಭಾಷೆಗಳಲ್ಲಿ ಥೆರಪಿ ಕೊಡುವ ನಫ್ಸಿಯಾತ್ ಎಂಬ ಕೇಂದ್ರ ಲಂಡನ್ನಿನಲ್ಲಿ 1983ರಿಂದ ಇದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ನಂತರ.

ನಮ್ಮವರು ಹಾಲು-ತುಪ್ಪ ಅಂದರೇನು ಎಂದು ಯಾರಿಗೂ ಬಿಡಿಸಿ ಹೇಳುವಂತಾಗಬಾರದು ಅಂತ ನಾನೇ ಓದಿ ಕೌನ್ಸೆಲರ್ ಆದೆ. ಜಂಭ ಅನ್ನು ಬೇಕಾದರೆ, ಹೆಮ್ಮೆ ಇದೆ.

ಆ ಹೆಮ್ಮೆಯೇ ಒಮ್ಮೆ ಕೆಡಿಸಿತು. ಗುರುತು ಸಿಗದ ಹಾಗೆ ಬದಲಿಸಿ ಹೇಳುತ್ತೇನೆ. ನಮ್ಮ ಕಡೆಯ ಹುಡುಗಿಯೊಬ್ಬಳು ಬಂದಳು. ಅಪ್ಪ ತೀರಿಕೊಂಡಿದ್ದರು, ಹೋಗಲಾಗಿರಲಿಲ್ಲ. ನಾನು ತಡೆಯಲಾರದೆ, "ಕೊನೆಗೆ ಮುಖ ನೋಡೋಕೂ ಆಗಲಿಲ್ಲ ಅನ್ನೋ ಸಂಕಟ ನನಗೆ ಗೊತ್ತಮ್ಮ" ಅಂದೆ. ಕಣ್ಣಲ್ಲಿ ನೀರು ಬಂದಿದ್ದು ನನಗೆ. ಅವಳು ಟಿಶ್ಯೂ ಡಬ್ಬಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ಮುಂದಿನ ವಾರ ಬರಲಿಲ್ಲ. ಅದೆಷ್ಟೋ ತಿಂಗಳ ಮೇಲೆ ಎರಡು ಸಾಲು ಬರೆದಳು. ಅಪ್ಪ ದಿನಾ ಹೊಡೆಯುತ್ತಿದ್ದರಂತೆ. ಹೋದರು ಅಂದಾಗ ಉಸಿರು ಬಿಟ್ಟಂತಾಯಿತಂತೆ. "ನೀವು ಅಷ್ಟು ಅಳುತ್ತಿರುವಾಗ ಅದನ್ನು ಹೇಗೆ ಹೇಳಲಿ?" ಎಂದು ಕೇಳಿದ್ದಳು.

ಆ ಟಿಶ್ಯೂ ಡಬ್ಬಿ ಸರಿದ ಸದ್ದು ಈಗಲೂ ಕೇಳಿಸುತ್ತದೆ.

ಹಾಗಾಗಿ ಕನ್ನಡದವರೇ ಸಿಗಲಿ ಅಂತ ಕಾಯಬೇಡ. ಯಾರೇ ಸಿಗಲಿ, "ಎದೆ ಭಾರ" ಅಂತ ನಿನ್ನ ಮಾತಿನಲ್ಲೇ ಹೇಳಿ ನೋಡು. ಹಾಗೆಂದರೆ ನಿನಗೆ ಏನಾಗುತ್ತದೆ ಅಂತ ಕೇಳಿದರೆ ಕೂತುಕೋ. ಕೇಳದೆ ತಲೆಯಾಡಿಸಿದರೆ, ನಮ್ಮವರೇ ಆಗಿದ್ದರೂ, ಬೇರೆಯವರನ್ನು ಕೊಡಿ ಅನ್ನು. ಸಂಕೋಚ ಬೇಡ.

ಕೌನ್ಸೆಲರ್ ಆಗಿ ನಾನೇ ನಿನ್ನನ್ನು ನೋಡಲಾಗುವುದಿಲ್ಲ. ಪರಿಚಯದವರನ್ನು ನಾವು ತೆಗೆದುಕೊಳ್ಳುವ ಹಾಗಿಲ್ಲ. ಭಾನುವಾರ ಊಟಕ್ಕೆ ಬಾ. ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಸಿಗುತ್ತೆ ಅಂತಲೂ ಕೇಳಿದ್ದೆಯಲ್ಲ, ಊರಿಂದ ತಂದಿದ್ದು ನನ್ನ ಹತ್ತಿರ ಒಂದು ಕೇಜಿ ಇದೆ. ಅರ್ಧ ನಿನಗೆ.