ಮಣಿಕಟ್ಟಿನ ಕಾರ್ಪಲ್ ಟನಲ್‌ಗೆ ಇಂಜೆಕ್ಷನ್, ಎಂಡೋಸ್ಕೋಪಿ, ಅಲ್ಟ್ರಾಸೌಂಡ್ ವಿಧಾನ: ಯಾವುದರಲ್ಲಿ ಗಾಯ ಕಡಿಮೆ?

ರಾತ್ರಿ 2 ಗಂಟೆಗೆ ಎದ್ದು ಕೈ ಕೊಡವುತ್ತ ಕೂರುತ್ತೇನೆ, ಗಾಯ ಕಡಿಮೆಯಾಗುವ ಚಿಕಿತ್ಸೆಯನ್ನೇ ಆರಿಸಬೇಕೆಂದಿದ್ದೇನೆ ಎಂದು ನೀವು ಬರೆದದ್ದನ್ನು ಓದಿದಾಗ ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯೇ ಕಣ್ಣ ಮುಂದೆ ಬಂತು. ನಾನು 20 ವರ್ಷ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವಳು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದವು. ಕಿರುಬೆರಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಮಣಿಕಟ್ಟಿನ ಕಾರ್ಪಲ್ ಟನಲ್ ಎಂಬ ಇಕ್ಕಟ್ಟಾದ ಸುರಂಗದಲ್ಲಿ ಒತ್ತಡಕ್ಕೆ ಸಿಕ್ಕಿದ ಮೀಡಿಯನ್ ನರ ಕಿರುಬೆರಳಿನವರೆಗೆ ಹೋಗುವುದಿಲ್ಲವೆಂದು ಶಿವಮೊಗ್ಗದ ವೈದ್ಯರು ವಿವರಿಸಿ, ರಾತ್ರಿ ಮಣಿಕಟ್ಟು ಮಡಚದಂತೆ ಕಟ್ಟಿಕೊಳ್ಳಲು ಸ್ಪ್ಲಿಂಟ್ ಬರೆದು, ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು.

ವಾರ ಕಳೆಯುವುದರೊಳಗೆ ನಿದ್ದೆ ಬಂತು. ನಾನು ತಪ್ಪಿದ್ದು ಅಲ್ಲಿಯೇ. ಇಂಜೆಕ್ಷನ್ ಒಳಗಿನ ಊತವನ್ನು ಇಳಿಸಿತ್ತೇ ಹೊರತು ಆ ಸುರಂಗದ ಮೇಲೆ ಅಡ್ಡಲಾಗಿದ್ದು ನರವನ್ನು ಅದುಮಿದ್ದ ಗಟ್ಟಿ ಅಂಗಾಂಶದ ಪಟ್ಟಿಯನ್ನು ಸಡಿಲಿಸಿರಲಿಲ್ಲ. 3 ತಿಂಗಳಿಗೆ ಬನ್ನಿ, ನರದಲ್ಲಿ ಸಂಕೇತ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡುವ ನರ್ವ್ ಕಂಡಕ್ಷನ್ ಪರೀಕ್ಷೆ ಮಾಡೋಣ ಎಂದಿದ್ದರು. ಅಡಿಕೆ ಕೊಯ್ಲು ಮುಗಿಯಲಿ ಎಂದು ನಾನು ಹೋಗಲಿಲ್ಲ. ಜೋಮು ಮರಳಿದಾಗಲೂ ಹೋಗಲಿಲ್ಲ. ಮರುವರ್ಷದ ಸುಗ್ಗಿಯಲ್ಲಿ ನೋವೇ ಕಡಿಮೆಯಾಯಿತು, ಅದನ್ನು ಗುಣವೆಂದು ನಂಬಿ ಇನ್ನಷ್ಟು ಸುಲಿದೆ. ನೋವನ್ನು ತಿಳಿಸುವ ಶಕ್ತಿಯನ್ನೇ ನರ ಕಳೆದುಕೊಳ್ಳುತ್ತಿದೆ ಎಂಬುದು ನನಗೆ ಹೊಳೆಯಲಿಲ್ಲ. ರವಿಕೆಯ ಗುಂಡಿ ಹಾಕಲಾಗದೆ ಕೈಯನ್ನು ಬೆಳಕಿಗೆ ಹಿಡಿದು ನೋಡಿದಾಗ ಹೆಬ್ಬೆರಳ ಬುಡದ ಸ್ನಾಯು ಬತ್ತಿ ಗುಳಿ ಬಿದ್ದಿತ್ತು.

ಆದ್ದರಿಂದ ಗಾಯದ ಅಳತೆಯಿಂದ ಚಿಕಿತ್ಸೆ ಆರಿಸುವ ನಿಮ್ಮ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಸಣ್ಣ ಗಾಯದ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಎಂಡೋಸ್ಕೋಪಿಯಾಗಲಿ, ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಷ್ಟೇ ರಂಧ್ರದಿಂದ ಮಾಡುವುದಾಗಲಿ, ತೆರೆದ ಶಸ್ತ್ರಚಿಕಿತ್ಸೆಯಾಗಲಿ, ಕತ್ತರಿಸುವುದು ಅದೇ ಪಟ್ಟಿಯನ್ನು. ಗಾಯ ಚಿಕ್ಕದಾದರೆ ಸಾಮಾನ್ಯವಾಗಿ ಬೇಗ ಕೆಲಸಕ್ಕೆ ಮರಳಬಹುದು. ಕೆಲವು ತಿಂಗಳು ಕಳೆದ ಮೇಲೆ ಎಂಡೋಸ್ಕೋಪಿಗೂ ತೆರೆದ ವಿಧಾನಕ್ಕೂ ಫಲದಲ್ಲಿ ದೊಡ್ಡ ಅಂತರ ಉಳಿಯುವುದಿಲ್ಲ. ನಿಮ್ಮ ವೈದ್ಯರ ಕೈ ಯಾವುದರಲ್ಲಿ ಪಳಗಿದೆಯೋ ಅದನ್ನೇ ಮಾಡಿಸಿಕೊಳ್ಳಿ. ನನಗೆ ಕೈಯಷ್ಟನ್ನೇ ಮರಗಟ್ಟಿಸಿ ತೆರೆದ ಶಸ್ತ್ರಚಿಕಿತ್ಸೆ ಮಾಡಿದರು. ಅಂಗೈ ಬುಡದ ನೋವು ಕೆಲವು ತಿಂಗಳು ಕಾಡಿತು, ರಾತ್ರಿಯ ಜೋಮು ಹೋಯಿತು, ಬತ್ತಿದ ಸ್ನಾಯು ಮಾತ್ರ ತುಂಬಿಕೊಳ್ಳಲಿಲ್ಲ.

ಮೊದಲು ನರದ ಪರೀಕ್ಷೆ ಮಾಡಿಸಿ. ಜೊತೆಗೆ ಸಕ್ಕರೆ ಮತ್ತು ಥೈರಾಯ್ಡ್ ಕೂಡ ನೋಡಿಸಿ, ಏಕೆಂದರೆ ಅವುಗಳಿಂದಲೂ ಈ ತೊಂದರೆ ಬರುತ್ತದೆ. ಇಂದೇ ಎರಡೂ ಅಂಗೈಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರ ಹೆಬ್ಬೆರಳ ಬುಡ ತಗ್ಗಾಗಿ ಕಂಡರೆ ಇನ್ನೊಂದು ಇಂಜೆಕ್ಷನ್ ಕೇಳದೆ, ಸುಗ್ಗಿ ಮುಗಿಯಲೆಂದು ಕಾಯದೆ, ಶಸ್ತ್ರಚಿಕಿತ್ಸಕರ ಬಳಿಗೆ ಹೋಗಿ.