ಸ್ಪೆಷಲ್ ಸ್ಕೂಲ್ ಮುಗಿದ ಮೇಲೆ ಮಗ ಕಾಲೇಜಿಗೆ ಹೋಗಬಹುದೇ?

ಮಗನಿಗೆ 20 ತುಂಬಿದೆ, ಡೌನ್ ಸಿಂಡ್ರೋಮ್ ಇದೆ, ಪುಣೆಯಲ್ಲಿ ಸ್ಪೆಷಲ್ ಸ್ಕೂಲ್ ಮುಗಿಯಿತು, ಈಗ ಅಣ್ಣನ ಹಾಗೆ ತಾನೂ ಕಾಲೇಜಿಗೆ ಹೋಗಬೇಕು ಅಂತ ಹಟ ಹಿಡಿದಿದ್ದಾನೆ, ಇದು ಆಗುವ ಮಾತೇ ಅಂತ ಕೇಳಿದ್ದೀರಿ. ಆಗುತ್ತದೆ. ಆದರೆ ಅಡ್ಮಿಷನ್ ಕೌಂಟರ್‌ನಿಂದ ಶುರು ಮಾಡಬೇಡಿ. ನಾನು ಮುಂಬಯಿ ಹತ್ತಿರದ ಡೊಂಬಿವಲಿಯವಳು. ನನ್ನ ತಂಗಿಗೂ ಬೌದ್ಧಿಕ ವಿಕಲತೆ ಇದೆ, ಈಗ ಅವಳಿಗೆ 24. ನಾವು ಕೌಂಟರ್‌ಗಳಿಗೆ ಅಲೆದು ಒಂದು ವರ್ಷ ಕಳೆದುಕೊಂಡೆವು.

ಕಾನೂನು ನಿಮ್ಮ ಕಡೆಗೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5 ಸೀಟು ಮೀಸಲು, ವಯಸ್ಸಿನಲ್ಲಿ 5 ವರ್ಷ ರಿಯಾಯಿತಿ. ಅಂಗವಿಕಲತೆಯ ಸರ್ಟಿಫಿಕೇಟ್‌ನಲ್ಲಿ ವಿಕಲತೆ ಶೇ. 40 ಅಥವಾ ಜಾಸ್ತಿ ಅಂತ ಇರಬೇಕು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಡಿಗ್ರಿ ಸೀಟಿಗೆ ಹನ್ನೆರಡನೇ ಕ್ಲಾಸಿನ ಮಾರ್ಕ್ಸ್‌ಶೀಟ್ ಬೇಕು, ನಮ್ಮ ಮಕ್ಕಳು ನಿಲ್ಲುವುದೇ ಅಲ್ಲಿ.

ಬೇರೆ ದೇಶಗಳಲ್ಲಿ ಈ ಗಂಟನ್ನು ಬೇರೆ ರೀತಿ ಬಿಡಿಸಿದ್ದಾರೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1987ರಲ್ಲೇ ಇಂಥ ಯುವಕರನ್ನು ಮಾಮೂಲಿ ಕ್ಲಾಸಿನಲ್ಲಿ ಕೂರಿಸಲು ಶುರು ಮಾಡಿದರು. ಅಮೆರಿಕದಲ್ಲಿ 2008ರ ಕಾನೂನು ಬಂದ ಮೇಲೆ, ಹೈಸ್ಕೂಲ್ ಡಿಪ್ಲೊಮಾ ಇಲ್ಲದಿದ್ದರೂ ಇಂಥ ಕೋರ್ಸ್‌ಗೆ ಸೇರಿದವರಿಗೆ ಸರ್ಕಾರದ ಧನಸಹಾಯ ಸಿಗುವಂತಾಯಿತು. ಪಾಠ ಎಲ್ಲರಿಗೂ ಒಂದೇ, ಆದರೆ ಮಾಡಿ ತೋರಿಸಬೇಕಾದ ಕೆಲಸ ಅವರವರ ಶಕ್ತಿಗೆ ತಕ್ಕಂತೆ. ಕೊನೆಗೆ ಸಿಗುವುದು ಸಾಮಾನ್ಯವಾಗಿ ಡಿಗ್ರಿ ಅಲ್ಲ, ಸರ್ಟಿಫಿಕೇಟ್. ಇದನ್ನು ಓದಿದ ಮೇಲೆ ನನಗೆ ಒಂದು ವಿಷಯ ಹೊಳೆಯಿತು, ನಾವು ಸೀಟು ಕೇಳುತ್ತಿದ್ದೆವು, ತಂಗಿಗೆ ಬೇಕಾಗಿದ್ದದ್ದು ಬೆಂಚು.

ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಹೋಮ್ ಸೈನ್ಸ್ ಕಲಿಸುವ ಟೀಚರ್ ಒಬ್ಬರ ಪರಿಚಯವಾಯಿತು. ಅವರು ನಮ್ಮನ್ನು ಪ್ರಿನ್ಸಿಪಾಲರ ಹತ್ತಿರ ಕರೆದುಕೊಂಡು ಹೋದರು. ಅಪ್ಪನೂ ಬಂದಿದ್ದರು. ಕುಂದಾಪುರದಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಮಾಡಿದವರು ಅವರು. "ನಾನು ಹಗಲು ಶಾಲೆಗೆ ಬರೋಕಾಗಲಿಲ್ಲ ಅಂತ ಶಾಲೆಯೇ ರಾತ್ರಿ ಬಾಗಿಲು ತೆಗೆಯಿತು. ಇವಳಿಗೂ ಅಷ್ಟೇ ಮಾಡಿ" ಅಂದರು. ವಾರಕ್ಕೆ ಎರಡು ದಿನ ಪ್ರಾಕ್ಟಿಕಲ್‌ಗೆ ಬರಲಿ, ಪರೀಕ್ಷೆ ಇಲ್ಲ ಅಂತ ಪ್ರಿನ್ಸಿಪಾಲರು ಬರೆದುಕೊಟ್ಟರು.

ಮೊದಲ ತಿಂಗಳು ಕಷ್ಟವೇ ಆಯಿತು. ಬಾಯಿ ಬಿಡುತ್ತಿರಲಿಲ್ಲ, ಮನೆಗೆ ಬಂದು ಅಳುತ್ತಿದ್ದಳು. ಆಮೇಲೆ ಟೀಚರ್ ಅವಳಿಗೇ ಅಂತ ಒಂದು ಕೆಲಸ ಕೊಟ್ಟರು. ಉಳಿದ ಹುಡುಗಿಯರು ಊಟದಲ್ಲಿ ಪ್ರೋಟೀನ್ ಎಷ್ಟು, ಕಬ್ಬಿಣಾಂಶ ಎಷ್ಟು ಅಂತ ಲೆಕ್ಕ ಹಾಕುವಾಗ ಇವಳು ಅದೇ ಅಡುಗೆಯ ಸಾಮಾನಿನ ಪಟ್ಟಿ ಬರೆದು, ತಕ್ಕಡಿಯಲ್ಲಿ ತೂಗಿ ಕೊಡಬೇಕು. ಅಲ್ಲಿಂದ ಗುಂಪಿಗೆ ಇವಳು ಬೇಕಾದವಳಾದಳು. ಕ್ಯಾಂಟೀನಿಗೆ ಕರೆಯತೊಡಗಿದರು. ಕಾಲೇಜು ಇರುವುದು ಕಲ್ಯಾಣದಲ್ಲಿ, ನಮ್ಮ ಸ್ಟೇಷನ್‌ನಿಂದ ಅಲ್ಲಿಗೆ ನಡುವೆ ಠಾಕುರ್ಲಿ ಒಂದೇ. ಮೊದಲು ನಾನೇ ಅಂಗವಿಕಲರ ಡಬ್ಬದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಆರು ತಿಂಗಳಾದ ಮೇಲೆ, "ಅಕ್ಕಾ, ನೀನು ಬರಬೇಡ, ಫ್ರೆಂಡ್ಸ್ ಎಲ್ಲಾ ಲೇಡೀಸ್ ಡಬ್ಬದಲ್ಲಿ ಇರ್ತಾರೆ" ಅಂದಳು. ಎಷ್ಟೋ ವರ್ಷ ಥೆರಪಿಗೆ ಓಡಾಡಿದರೂ ಅವಳ ಬಾಯಿಂದ ಇಂಥ ಮಾತು ಬಂದಿರಲಿಲ್ಲ.

ಮುಂಬಯಿಯ ಸೋಫಿಯಾ ಕಾಲೇಜಿನ ಆವರಣದಲ್ಲಿ ಎಸ್.ಪಿ.ಜೆ. ಸಾಧನಾ ಸ್ಕೂಲ್ ಇದೆ, ಇಂಥ ಮಕ್ಕಳಿಗೆ ವೃತ್ತಿ ತರಬೇತಿ ಕೊಡುತ್ತಾರೆ. ಅದೂ ಒಳ್ಳೆಯ ದಾರಿಯೇ. ಆದರೆ ನಿಮ್ಮ ಮಗ ಕೇಳುತ್ತಿರುವುದು ಅಣ್ಣನ ಥರದ ಕಾಲೇಜು. ಜೊತೆಗೇ ಎನ್‌ಐಒಎಸ್‌ನಲ್ಲಿ, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆಯಲ್ಲಿ, ಹತ್ತನೆಯದಕ್ಕೆ ಹೆಸರು ಹಚ್ಚಿಸಿ. ಒಂದೊಂದೇ ವಿಷಯ ಪಾಸು ಮಾಡಬಹುದು, 5 ವರ್ಷದಲ್ಲಿ 9 ಸಲ ಅವಕಾಶ, ಪೇಂಟಿಂಗ್, ಹೋಮ್ ಸೈನ್ಸ್ ಕೂಡ ಇವೆ. ತಂಗಿ ಮೂರು ವಿಷಯ ಮುಗಿಸಿದ್ದಾಳೆ.

ಪುಣೆಯಲ್ಲಿ ಕಾಲೇಜುಗಳಿಗೆ ಬರವಿಲ್ಲ. ಅವನಿಗೆ ಏನು ಇಷ್ಟವೋ ಆ ವಿಷಯ ಕಲಿಸುವ ಒಬ್ಬ ಟೀಚರನ್ನು ಹುಡುಕಿ. ಅಡ್ಮಿಷನ್ ಗದ್ದಲ ಶುರುವಾಗುವ ಮೊದಲೇ, ಏಪ್ರಿಲ್‌ನಲ್ಲಿ ಹೋಗಿ. ವಾರಕ್ಕೆ ಒಂದು ಪೀರಿಯಡ್ ಕೇಳಿ, ಸಾಕು. ಮಗನನ್ನೂ ಕರೆದುಕೊಂಡು ಹೋಗಿ, ಮಾತು ತಡವಾದರೂ ಪರವಾಗಿಲ್ಲ, ಅವನೇ ಕೇಳಲಿ.